ಕಾರ್ಡಿಗೊಂದು ಸ್ಕೇಲೋ, ಎರಡೇ ಸ್ವರವೋ?

ಜಾಸ್ ಕಲಿಯುವವರಿಗೆ ಜೆರೋಮ್ ಕರ್ನ್ 1939ರಲ್ಲಿ ಮಾಡಿದ 'ಆಲ್ ದ ಥಿಂಗ್ಸ್ ಯು ಆರ್' ಇವತ್ತಲ್ಲ ನಾಳೆ ಎದುರಾಗುತ್ತದೆ. 36 ಬಾರ್‌ಗಳಲ್ಲಿ (ಒಂದು ಬಾರ್ ಅಂದರೆ ಇಲ್ಲಿ ನಾಲ್ಕು ಎಣಿಕೆ) ಐದು ಕೀ, ಅಂದರೆ ಐದು ಆಧಾರ ಷಡ್ಜ, ಸುತ್ತಿ ಬರುವ ಹಾಡು. ಇದರ ಮೇಲೆ ಗಿಟಾರ್‌ನಲ್ಲಿ ಇಂಪ್ರೊವೈಸ್ ಮಾಡಲು (ಮನೋಧರ್ಮದಿಂದ ನುಡಿಸಲು) ಮೂರು ದಾರಿ ನೋಡಿದೆ. ಗೆದ್ದದ್ದು ಪೈಸೆ ಖರ್ಚಿಲ್ಲದ್ದು: ಪ್ರತಿ ಕಾರ್ಡಿನಲ್ಲಿ (ಒಟ್ಟಿಗೆ ನುಡಿಸುವ ಸ್ವರಗುಚ್ಛದಲ್ಲಿ) ಅದರ ಮೂಲ ಸ್ವರದಿಂದ ಎಣಿಸಿದ ಮೂರನೇ, ಏಳನೇ ಸ್ವರ ಹಿಡಿಯುವ ಗೈಡ್ ಟೋನ್.

ದುಡ್ಡು ಕೊಟ್ಟ ಆನ್‌ಲೈನ್ ಕೋರ್ಸ್ ಹೇಳಿಕೊಟ್ಟಿದ್ದು ಕಾರ್ಡಿಗೊಂದು ಸ್ಕೇಲ್, ಅಂದರೆ ಸ್ವರಶ್ರೇಣಿ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಬೇಗ ಹಿಡಿಸುತ್ತದೆ. ತೊಂದರೆಯೂ ಅದೇ. ಹಾಡಿನ ಮೊದಲ ಐದು ಕಾರ್ಡ್ ನೋಡಿ: ಎಫ್ ಮೈನರ್ 7ಕ್ಕೆ ನಠಭೈರವಿ, ಬಿ ಫ್ಲ್ಯಾಟ್ ಮೈನರ್ 7ಕ್ಕೆ ಖರಹರಪ್ರಿಯ, ಇ ಫ್ಲ್ಯಾಟ್ 7ಕ್ಕೆ ಹರಿಕಾಂಭೋಜಿ, ಎ ಫ್ಲ್ಯಾಟ್ ಮೇಜರ್ 7ಕ್ಕೆ ಶಂಕರಾಭರಣ, ಡಿ ಫ್ಲ್ಯಾಟ್ ಮೇಜರ್ 7ಕ್ಕೆ ಕಲ್ಯಾಣಿ. ಐದು ಬಾರ್‌ಗೆ ಐದು ರಾಗ! ಆದರೆ ಐದರಲ್ಲೂ ಇರುವುದು ಎ ಫ್ಲ್ಯಾಟ್ ಮೇಜರ್‌ನ ಅದೇ ಏಳು ಸ್ವರ. ಸುಮ್ನೆ ಗ್ರಹಭೇದ (ಸ್ವರ ಅವೇ, ಷಡ್ಜ ಮಾತ್ರ ಬೇರೆ), ಅಲ್ವಾ?

ರಾಗವನ್ನು ನಿಂತು ಬೆಳೆಸಬೇಕು. ಇಲ್ಲಿ ನಾಲ್ಕು ಎಣಿಸುವಷ್ಟರಲ್ಲಿ ಕಾರ್ಡ್ ಹೋಗಿರುತ್ತದೆ. ಬೆರಳು ಪ್ರತಿ ಸಲ ಷಡ್ಜದಿಂದಲೇ ಹೊರಡುತ್ತದೆ, ಕೇಳುವವರಿಗೆ ಸರಳೆ ವರಸೆ. ಸ್ವರ ನಿಜವಾಗಿ ಬದಲಾಗುವುದು ಆರನೇ ಬಾರ್‌ನ ಜಿ 7ರಲ್ಲಿ. ಅಷ್ಟರಲ್ಲಿ ತಲೆ ಇನ್ನೂ ಕಲ್ಯಾಣಿಯಲ್ಲೇ ಇರುತ್ತದೆ.

ಎರಡನೇ ದಾರಿ, ಕಾರ್ಡ್‌ಗಳನ್ನು ಕೀ ಪ್ರಕಾರ ಗುಂಪು ಮಾಡಿ ಗುಂಪಿಗೊಂದೇ ಸ್ಕೇಲ್ ನುಡಿಸುವುದು, ಇದಕ್ಕಿಂತ ವಾಸಿ. ಆದರೆ 32ನೇ ಬಾರ್‌ನ ಬಿ ಡಿಮಿನಿಷ್ಡ್ ಕಾರ್ಡ್ ಯಾವ ಗುಂಪಿಗೂ ಸೇರುವುದಿಲ್ಲ.

ಗೈಡ್ ಟೋನ್‌ನಲ್ಲಿ, ಕಾರ್ಡಿಗೆ ಒಂದರಂತೆ ಮೂರನೆಯದೋ ಏಳನೆಯದೋ ಹಿಡಿದರೆ, ಮೊದಲ ಏಳು ಬಾರ್ ಹೀಗೆ: ಎ ಫ್ಲ್ಯಾಟ್, ಎ ಫ್ಲ್ಯಾಟ್, ಜಿ, ಜಿ, ಎಫ್, ಎಫ್, ಇ. ಮೆಟ್ಟಿಲು ಇಳಿದ ಹಾಗೆ. ಹಿಂದೆ ಯಾರೂ ಕಾರ್ಡ್ ನುಡಿಸದಿದ್ದರೂ ಹಾರ್ಮನಿ (ಕಾರ್ಡ್‌ಗಳ ನಡೆ) ಎಲ್ಲಿ ತಿರುಗಿತು ಅಂತ ಕಿವಿಗೆ ಗೊತ್ತಾಗುತ್ತದೆ. ಕರ್ನ್ ಧಾಟಿಯೂ ಇಲ್ಲಿ ಹೆಚ್ಚಾಗಿ ನಿಲ್ಲುವುದು ಮೂರನೇ ಸ್ವರದ ಮೇಲೆಯೇ. ನನಗೆ ತುಂಬಾ ಇಷ್ಟದ ಜಾಗ ಬ್ರಿಡ್ಜ್‌ನ (ಹಾಡಿನ ನಡುವಿನ ಭಾಗದ) ಕೊನೆ. ಇ ಮೇಜರ್ 7ರ ಮೂರನೇ ಸ್ವರ ಜಿ ಶಾರ್ಪ್. ಆಮೇಲೆ ಬರುವ ಸಿ 7 ಶಾರ್ಪ್ 5ರಲ್ಲಿ ಅದು ಏರಿಸಿದ ಐದನೆಯದು. ಎಫ್ ಮೈನರ್‌ಗೆ ವಾಪಸ್ ಬಂದಾಗ ಅದೇ ಸ್ವರ ಎ ಫ್ಲ್ಯಾಟ್ ಆಗಿ ಮತ್ತೆ ಮೂರನೆಯದು. ಬೆರಳು ಕದಲಿಸಬೇಡಿ, ಕೆಳಗೆ ಕೀಯೇ ಬದಲಾಗುತ್ತದೆ!

ಬರೀ ಗೈಡ್ ಟೋನ್ ನುಡಿಸಿದರೆ ಒಣಒಣ ಅನ್ನಿಸುವುದು ನಿಜ. ನಡುವೆ ತುಂಬಿಸಲು ಸ್ಕೇಲ್ ಬೇಕೇ ಬೇಕು. ದಿನಕ್ಕೆ ಮೂರು ನಾಲ್ಕು ಗಂಟೆ ಅಭ್ಯಾಸ ಮಾಡುವವರು ಕೋರ್ಸ್ ತಗೊಳ್ಳಲಿ. ನನಗೆ ಸಿಗುವುದು ಊಟ ಆದಮೇಲೆ ಅರ್ಧ ಗಂಟೆ. ಅಷ್ಟಕ್ಕೆ ಒಂದು ಪೆನ್ಸಿಲ್, ಫೋನ್‌ನಲ್ಲಿ ಒಂದು ಬ್ಯಾಕಿಂಗ್ ಟ್ರ್ಯಾಕ್ (ಪಕ್ಕವಾದ್ಯದ ರೆಕಾರ್ಡಿಂಗ್) ಸಾಕು.