ಕೈಯಲ್ಲಿ, ಫೋನಿನಲ್ಲಿ, ಕಿವಿಯಲ್ಲಿ: ಒಂದು ವರ್ಷದ ಓದಿನ ಹೋಲಿಕೆ

2025ರ ಜನವರಿಯಲ್ಲಿ ನಾನು ಹಳೆಯ ಲೆಕ್ಕದ ಪುಸ್ತಕವೊಂದರ ಖಾಲಿ ಹಾಳೆಯ ಮೇಲೆ ನಾಲ್ಕು ಅಂಕಣಗಳನ್ನು ಎಳೆದೆ: ಕೊಂಡು ಓದಿದ್ದು, ಗ್ರಂಥಾಲಯದಿಂದ ತಂದು ಓದಿದ್ದು, ಫೋನಿನಲ್ಲಿ ಓದಿದ್ದು, ಕಿವಿಯಿಂದ ಕೇಳಿದ್ದು. ಓದಿದ ಪ್ರತಿಯೊಂದು ಪುಸ್ತಕವನ್ನೂ ಈ ನಾಲ್ಕರಲ್ಲಿ ಒಂದರ ಕೆಳಗೆ ಬರೆಯಬೇಕು, ಅದು ಕಾದಂಬರಿಯೋ ಕಥೆಯೋ ಕಾವ್ಯವೋ ಆತ್ಮಕಥೆಯೋ ಎಂಬುದನ್ನೂ, ಮುಗಿಯಿತೋ ನಡುವೆ ನಿಂತಿತೋ ಎಂಬುದನ್ನೂ ಪಕ್ಕದಲ್ಲಿ ನಮೂದಿಸಬೇಕು ಎಂದು ನನಗೆ ನಾನೇ ಕಟ್ಟು ಮಾಡಿಕೊಂಡೆ. ಇದಕ್ಕೆ ಕಾರಣ ನನ್ನ ನಿತ್ಯದ ಪ್ರಯಾಣ. ಮಂಡ್ಯದಿಂದ ಬೆಂಗಳೂರಿಗೆ ರೈಲಿನ ಪಾಸಿನಲ್ಲಿ ಹೋಗಿ ಬರುವ ನನಗೆ ಓದಲು ಸಿಗುವ ಸಮಯದ ಬಹುಪಾಲು ಬೋಗಿಯಲ್ಲಿಯೇ ಕಳೆಯುತ್ತದೆ. ಬೆಳಿಗ್ಗೆ ಸಾಮಾನ್ಯವಾಗಿ ಕುಳಿತು, ಸಂಜೆ ಹೆಚ್ಚಾಗಿ ನಿಂತು. ನಿಂತು ಓದುವವನಿಗೆ ಪುಸ್ತಕದ ತೂಕವೂ ಅದರ ಗುಣಗಳಲ್ಲಿ ಒಂದಾಗುತ್ತದೆ ಎಂಬುದು ಮನೆಯಲ್ಲಿ ಕುಳಿತು ಓದುವವರಿಗೆ ಹೊಳೆಯಲಾರದು.

ಡಿಸೆಂಬರ್ ಮುಗಿದಾಗ ಲೆಕ್ಕ ಹೀಗಿತ್ತು: ಪೂರ್ತಿ ಓದಿದವು 61, ಅವುಗಳಲ್ಲಿ ಕೊಂಡವು 24, ಗ್ರಂಥಾಲಯದವು 17, ಫೋನಿನವು 11, ಕೇಳಿದವು 9. ನನಗೆ ಇದಕ್ಕಿಂತ ಹೆಚ್ಚು ಹೇಳಿದ್ದು ಕೆಳಗಿನ ಇನ್ನೊಂದು ಸಾಲು. ಅರ್ಧಕ್ಕೆ ಬಿಟ್ಟವು 14, ಅವುಗಳಲ್ಲಿ 8 ಫೋನಿನಲ್ಲಿ ಶುರುವಾದವು. ಆ ಎಂಟರಲ್ಲಿ ಆರು ಕಾದಂಬರಿಗಳು.

ಹಾಗೆಂದು ಫೋನಿನ ಪರದೆಯೇ ಓದಿಗೆ ಒಗ್ಗದ್ದು ಎಂದು ನಾನು ಹೇಳುತ್ತಿಲ್ಲ. ಕಥಾಸಂಕಲನಗಳ ವಿಷಯದಲ್ಲಿ ಅದು ಮುದ್ರಿತ ಪ್ರತಿಯನ್ನು ಸುಲಭವಾಗಿ ಹಿಂದೆ ಹಾಕಿತು. ಕೆಂಗೇರಿಯಲ್ಲಿ ಜನ ನುಗ್ಗಿದ ಮೇಲೆ ಒಂದು ಕೈ ಮೇಲಿನ ಕಂಬಿಗೆ ಹೋಗುತ್ತದೆ, ಇನ್ನೊಂದು ಕೈಯ ಹೆಬ್ಬೆರಳಿನಿಂದಲೇ ಪುಟ ತಿರುವಬೇಕು. ಬಿಡದಿ ದಾಟಿ ರಾಮನಗರ ಬರುವಷ್ಟರಲ್ಲಿ ಒಂದು ಕಥೆ ಮುಗಿಯುತ್ತದೆ, ಚನ್ನಪಟ್ಟಣದವರೆಗೆ ಅದನ್ನು ಮನಸ್ಸಿನಲ್ಲಿ ಆಡಿಸಲು ಬಿಡುವು ಸಿಗುತ್ತದೆ. ಆ ವರ್ಷದ ಮೇ ತಿಂಗಳಿನಲ್ಲಿ ಬಾನು ಮುಷ್ತಾಕ್ ಅವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಬೋಗಿಯಲ್ಲಿಯೂ ಕಥೆಗಳ ಮಾತು ಶುರುವಾಯಿತು. ದೀಪಾ ಭಾಸ್ತಿ ಅವರ ಅನುವಾದವನ್ನು ಫೋನಿನಲ್ಲಿಯೂ, ಮೂಲ ಕನ್ನಡದ ಕಥೆಗಳನ್ನು ಕಾಗದದ ಮೇಲೂ ಓದಿದ್ದು ನನ್ನ ಪಟ್ಟಿಯಲ್ಲಿ ಎರಡು ಅಂಕಣಗಳಿಗೆ ಹಂಚಿಹೋದ ಅಪರೂಪದ ನಮೂದು. ಕಥೆ ಚಿಕ್ಕದಿದ್ದರೆ ಮಾಧ್ಯಮದ ವ್ಯತ್ಯಾಸ ತೀರಾ ಕಡಿಮೆ ಎಂಬುದು ನನಗೆ ಖಚಿತವಾದದ್ದು ಅಲ್ಲಿಯೇ.

ಕಾದಂಬರಿ ಹಾಗಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ ಬಂದ ಕೃತಿ. ಅದರಲ್ಲಿ ಒಬ್ಬ ನಾಯಕನ ಬೆನ್ನು ಹತ್ತಿ ಹೋಗುವ ಕಥೆಯಿಲ್ಲ, ಮನೆಮನೆಗಳ, ಕೇರಿಕೇರಿಗಳ ಹತ್ತಾರು ಜನರ ಬದುಕು ಒಂದರೊಳಗೊಂದು ಹೆಣೆದುಕೊಂಡು ಸಾಗುತ್ತದೆ. ಅದನ್ನು ನಾನು ಎರಡನೆಯ ಸಲ ಓದಿದ್ದು ಕಳೆದ ಮಳೆಗಾಲದಲ್ಲಿ, ಭಾನುವಾರಗಳಲ್ಲಿ ಮಾತ್ರ, ಮನೆಯಲ್ಲಿ. ಯಾವ ಹೆಗ್ಗಡೆ ಯಾವ ಮನೆಯವನು, ನಾಯಿಗುತ್ತಿ ಈಗ ಯಾವ ದಾರಿಯಲ್ಲಿದ್ದಾನೆ ಎಂದು ಮರೆತಾಗಲೆಲ್ಲ ಬೆರಳು ತಾನಾಗಿ ಹಿಂದಿನ ಪುಟಗಳಿಗೆ ಹೋಗುತ್ತಿತ್ತು. ಅದು ಎಡಗಡೆಯ ಪುಟದ ಕೆಳಭಾಗದಲ್ಲಿತ್ತು, ಇಷ್ಟು ದಪ್ಪ ಓದಿದ ಮೇಲೆ ಬಂದಿತ್ತು ಎಂಬ ನೆನಪು ಕಣ್ಣಿಗಿಂತ ಹೆಚ್ಚಾಗಿ ಕೈಯಲ್ಲಿರುತ್ತದೆ. ಕೊನೆಯ ಖಾಲಿ ಹಾಳೆಯ ಮೇಲೆ ಪೆನ್ಸಿಲಿನಿಂದ ಮನೆತನಗಳ ಒಂದು ನಕ್ಷೆಯನ್ನೂ ಬರೆದುಕೊಂಡೆ. ಅದೇ ತಿಂಗಳುಗಳಲ್ಲಿ ರೈಲಿನಲ್ಲಿ ಸುಮಾರು 600 ಪುಟಗಳ ಮತ್ತೊಂದು ಕಾದಂಬರಿಯನ್ನು ಫೋನಿನಲ್ಲಿ ಹಿಡಿದಿದ್ದೆ. ಅಕ್ಷರದ ಗಾತ್ರ ಒಂದು ಹಂತ ಹೆಚ್ಚಿಸಿದ ಕೂಡಲೇ ಪುಟಗಳ ಲೆಕ್ಕವೇ ಬದಲಾಗಿ, ನಿನ್ನೆ ಎಲ್ಲೋ ಕಂಡ ಮಾತು ಇಂದು ಮತ್ತೆಲ್ಲೋ ಇರುತ್ತಿತ್ತು. ಹುಡುಕುವ ಪೆಟ್ಟಿಗೆಯೇನೋ ಇದೆ, ಆದರೆ ಮರೆತದ್ದು ಹೆಸರೇ ಆಗಿದ್ದರೆ ಏನೆಂದು ಹುಡುಕುವುದು? ಇನ್ನೂರನೆಯ ಪುಟದ ಹೊತ್ತಿಗೆ ಆ ಮನೆಯ ಅಣ್ಣತಮ್ಮಂದಿರೆಲ್ಲ ನನಗೆ ಒಬ್ಬನೇ ಆಗಿಬಿಟ್ಟಿದ್ದರು. ಅಲ್ಲಿಗೆ ನಿಲ್ಲಿಸಿದೆ.

ಇ-ಇಂಕ್ ಪರದೆಯ ಓದುಯಂತ್ರವನ್ನು ಈ ಹೋಲಿಕೆಗೆ ಏಕೆ ಸೇರಿಸಲಿಲ್ಲ ಎಂದು ಕೆಲವರು ಕೇಳಬಹುದು. ಅಂಥ ಯಂತ್ರಗಳಲ್ಲೊಂದಾದ ಕಿಂಡಲ್‌ಗೆ 2016ರ ಕೊನೆಯಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಪುಸ್ತಕಗಳು ಬಂದಾಗ ಆ ಐದರಲ್ಲಿ ಕನ್ನಡ ಇರಲಿಲ್ಲ. ನನ್ನಂಥವರು ಕನ್ನಡದ ಡಿಜಿಟಲ್ ಓದನ್ನು ಫೋನಿನ ಆಪ್‌ಗಳಲ್ಲಿಯೇ ರೂಢಿ ಮಾಡಿಕೊಂಡೆವು, ಆ ರೂಢಿ ಹಾಗೆಯೇ ಉಳಿಯಿತು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳನ್ನೂ ನಾನು ಫೋನಿನ ಅಂಕಣಕ್ಕೇ ಸೇರಿಸಿದ್ದೇನೆ, ಆದರೆ ಸ್ವಲ್ಪ ಮನಸ್ಸಿಲ್ಲದೆ. ಡೆಮಿ ಅಳತೆಯ ಪುಟವನ್ನು ಅಂಗೈಯಗಲದ ಪರದೆಗೆ ಇಳಿಸಿದರೆ ಒತ್ತಕ್ಷರಗಳು ಇರುವೆಗಳಾಗುತ್ತವೆ, ಹಿಗ್ಗಿಸಿದರೆ ಸಾಲಿನ ತುದಿ ಕಾಣಲು ಪ್ರತಿ ಸಲವೂ ಪುಟವನ್ನು ಅತ್ತಿತ್ತ ಎಳೆಯಬೇಕು. ಪುಸ್ತಕ ಬೇರೆಲ್ಲಿಯೂ ಸಿಗದಿದ್ದಾಗ ಮಾತ್ರ ಆ ಕಷ್ಟ ಪಡಬಹುದು.

ಫೋನು ನಿಜವಾಗಿಯೂ ಬೆರಗು ಹುಟ್ಟಿಸಿದ್ದು ವಚನಗಳಲ್ಲಿ. ಸರ್ಕಾರ ಪ್ರಕಟಿಸಿದ ‘ಸಮಗ್ರ ವಚನ ಸಂಪುಟ’ದ 15 ಸಂಪುಟಗಳು ಒಂದು ಕಪಾಟಿನ ಸಾಲನ್ನೇ ತುಂಬುತ್ತವೆ, ‘ವಚನ ಸಂಚಯ’ ಎಂಬ ಜಾಲತಾಣದಲ್ಲಿ ಒಂದು ಪದವನ್ನು ಕೊಟ್ಟರೆ ಅದು ಯಾವ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಎಂಬುದು ಕ್ಷಣದಲ್ಲಿ ತೆರೆದುಕೊಳ್ಳುತ್ತದೆ. ‘ಕಾಯಕ’ ಎಂಬ ಒಂದೇ ಪದದ ಬೆನ್ನು ಹತ್ತಿ ನಾನು ಒಂದು ವಾರದ ಪ್ರಯಾಣವನ್ನೆಲ್ಲ ಕಳೆದೆ. ಆದರೆ ವಾರದ ಕೊನೆಗೆ ನೋಡಿಕೊಂಡರೆ ನೂರಾರು ವಚನಗಳಲ್ಲಿ ಆ ಪದವನ್ನು ಕಂಡಿದ್ದೆ, ಒಂದು ವಚನವನ್ನೂ ಓದಿರಲಿಲ್ಲ. ಆಮೇಲೆ ಬೆಳಿಗ್ಗೆ ಸಂಪುಟದಿಂದ ಒಂದೇ ಒಂದು ವಚನವನ್ನು ಕೈಯಲ್ಲಿ ಬರೆದುಕೊಂಡು ಜೇಬಿನಲ್ಲಿಟ್ಟುಕೊಂಡು ಹೊರಡುವ ಕ್ರಮ ಹಿಡಿದೆ. ಹುಡುಕಲು ಫೋನು, ಓದಲು ಚೀಟಿ. ಇದನ್ನು ನಾಲ್ಕು ಅಂಕಣಗಳಲ್ಲಿ ಯಾವುದಕ್ಕೆ ಸೇರಿಸಬೇಕೆಂದು ತಿಳಿಯದೆ ಅಂಚಿನಲ್ಲಿ ಬರೆದಿದ್ದೇನೆ.

ಗ್ರಂಥಾಲಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆತ್ಮಕಥೆ, ಪ್ರವಾಸಕಥನ, ಪತ್ರಗಳ ಸಂಗ್ರಹ ಇವೆಲ್ಲ ಒಮ್ಮೆ ಓದಿ ಹಿಂತಿರುಗಿಸಲು ತಕ್ಕವು. ಹದಿನೈದು ದಿನದ ಗಡುವು ಇರುವುದರಿಂದ ಮುಗಿಯುತ್ತವೆ ಕೂಡ. ಅಂಗಡಿಗಳಲ್ಲಿ ಎಂದೋ ಮುಗಿದುಹೋದ ಆವೃತ್ತಿಗಳು ಅಲ್ಲಿ ಮಾತ್ರ ಇವೆ. ಒಂದು ಪ್ರವಾಸಕಥನದ ಕೊನೆಯ ಎಂಟು ಪುಟಗಳನ್ನು ನನಗಿಂತ ಮೊದಲಿನ ಯಾವನೋ ಪುಣ್ಯಾತ್ಮ ಹರಿದುಕೊಂಡಿದ್ದರಿಂದ ಲೇಖಕರು ಊರಿಗೆ ಮರಳಿದರೇ ಇಲ್ಲವೇ ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಆದರೂ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡ 6ರಷ್ಟು ಗ್ರಂಥಾಲಯ ಕರ ಸೇರಿಯೇ ಇರುತ್ತದೆ. ಹಣ ಕೊಟ್ಟಾಗಿದೆ, ಪುಸ್ತಕ ತರದಿದ್ದರೆ ನಷ್ಟ ನಮಗೇ.

ವಿಜ್ಞಾನ ಮತ್ತು ನಿಸರ್ಗದ ಬರಹಗಳಲ್ಲಿ ಪೈಪೋಟಿಯೇ ಇರಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕೃತಿಯಲ್ಲಿ ಗಿಡಮರಗಳ ರೇಖಾಚಿತ್ರಗಳನ್ನೂ ಅದರ ಪಕ್ಕದ ಮಾತನ್ನೂ ಒಟ್ಟಿಗೆ ಕಣ್ಣಿಗೆ ತಂದುಕೊಳ್ಳಬೇಕು, ಅದು ಕಾಗದದ ಪುಟದಲ್ಲಿ ಮಾತ್ರ ಆಗುವ ಕೆಲಸ. ಒಂದು ಎಚ್ಚರಿಕೆ: ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತುವ ಅವರ ವರ್ಣನೆಗಳನ್ನು ರೈಲಿನಲ್ಲಿ ಓದಬಾರದು. ಒಬ್ಬನೇ ನಗುತ್ತಿರುವವನ ಪಕ್ಕದ ಸೀಟು ಮದ್ದೂರಿನಲ್ಲಿಯೂ ಖಾಲಿ ಉಳಿಯುತ್ತದೆ, ಹಾಗೆ ನೋಡಿದರೆ ಅದೂ ಒಂದು ಲಾಭ.

ಇನ್ನು ಕೇಳುವ ಪುಸ್ತಕಗಳು. ಇಲ್ಲಿ ನನ್ನ ಪೂರ್ವಗ್ರಹಗಳು ಎರಡು ದಿಕ್ಕಿನಲ್ಲಿ ಮುರಿದುಬಿದ್ದವು. ಪತ್ತೇದಾರಿ ಕಾದಂಬರಿಗೆ ಧ್ವನಿಗಿಂತ ಒಳ್ಳೆಯದಿಲ್ಲ ಎಂದುಕೊಂಡಿದ್ದೆ. ಕೇಳಿದ ಎರಡರಲ್ಲಿ ಒಂದನ್ನು ಓದಿದವರು ಒಬ್ಬ ಪಾತ್ರಕ್ಕೆ ಮಾತ್ರ ಗಂಟಲೊಳಗಿನ ದಪ್ಪ ದನಿ ಕೊಟ್ಟಿದ್ದರು. ಮೂರನೆಯ ಅಧ್ಯಾಯದಲ್ಲಿಯೇ ಕೊಲೆಗಾರ ಯಾರೆಂದು ತಿಳಿದುಹೋಯಿತು. ಪುಟದ ಮೇಲಿನ ಅಕ್ಷರ ಯಾರ ಪಕ್ಷವನ್ನೂ ವಹಿಸುವುದಿಲ್ಲ, ಧ್ವನಿ ವಹಿಸುತ್ತದೆ.

ಹಳೆಯ ಕಾವ್ಯವನ್ನು ಅರ್ಥದ ಪುಸ್ತಕ ಎದುರಿಗಿಟ್ಟುಕೊಂಡು ನಿಧಾನವಾಗಿ ಓದಬೇಕು ಎಂಬುದು ಇನ್ನೊಂದು ನಂಬಿಕೆಯಾಗಿತ್ತು. ಕುವೆಂಪು ಮತ್ತು ಮಾಸ್ತಿ ಸಂಪಾದಿಸಿದ ಕುಮಾರವ್ಯಾಸ ಭಾರತದ ಹಳೆಯ ಪ್ರತಿಯೊಂದು ಮನೆಯಲ್ಲಿದೆ. ಅದನ್ನು ನಾನು ಮೂರು ಸಲ ಆರಂಭಿಸಿ ಆದಿಪರ್ವದಲ್ಲಿಯೇ ಬಿಟ್ಟಿದ್ದೆ. ಈ ಸಲ ವಿರಾಟಪರ್ವವನ್ನು ಮೂರು ರೀತಿಯಲ್ಲಿ ಪ್ರಯತ್ನಿಸಿದೆ. ಒಂದು ಸಂಧಿಯನ್ನು, ಅಂದರೆ ಪರ್ವದ ಒಂದು ಅಧ್ಯಾಯವನ್ನು, ಬರೀ ಪುಸ್ತಕದಿಂದ, ಮುಂದಿನದನ್ನು ಬರೀ ಗಮಕದ (ಕಾವ್ಯವನ್ನು ರಾಗವಾಗಿ ಓದಿ ಹೇಳುವ ಕಲೆಯ) ಧ್ವನಿಮುದ್ರಣದಿಂದ, ಅದರ ಮುಂದಿನದನ್ನು ಮೊದಲು ಕೇಳಿ ಆಮೇಲೆ ಓದಿ. ಭಾಮಿನಿ ಷಟ್ಪದಿಯಲ್ಲಿ ಮೂರು ನಾಲ್ಕು ಮೂರು ನಾಲ್ಕು ಎಂದು ಮಾತ್ರೆಗಳು ಹೆಜ್ಜೆ ಹಾಕುತ್ತವೆ, ಮೂರನೆಯ ಮತ್ತು ಆರನೆಯ ಸಾಲುಗಳು ಇನ್ನಷ್ಟು ಉದ್ದವಾಗಿ ಹರಿದು ಗುರುವಿನಲ್ಲಿ ನಿಲ್ಲುತ್ತವೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದವರಿಗೆ ಇದು ಹೊಸದಲ್ಲ. ಆದರೆ ಮುದ್ರಣದಲ್ಲಿ ಪದವೊಂದು ಸಾಲಿನ ತುದಿಯಲ್ಲಿ ಅರ್ಧಕ್ಕೆ ಮುರಿದು ಮುಂದಿನ ಸಾಲಿನಲ್ಲಿ ಮುಂದುವರಿಯುವಾಗ ಕಣ್ಣು ಅಲ್ಲಿ ಎಡವುತ್ತದೆ, ಕೂಡಿದ ಪದಗಳನ್ನು ಬಿಡಿಸುವಷ್ಟರಲ್ಲಿ ಯುದ್ಧ ತಣ್ಣಗಾಗಿರುತ್ತದೆ. ಗಮಕಿ ಸಾಲನ್ನು ನೋಡುವುದಿಲ್ಲ, ಅರ್ಥವನ್ನು ನೋಡಿ ಪದವನ್ನು ಕೂಡಿಸುತ್ತಾರೆ, ಬೇಕಾದ ಕಡೆ ಮರಳಿ ಹೇಳುತ್ತಾರೆ. ಹಿಂದೆಯೇ ವ್ಯಾಖ್ಯಾನಕಾರರು ಅದನ್ನು ಆಡುಮಾತಿಗೆ ಇಳಿಸುತ್ತಾರೆ. ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಂಥ ಗಮಕಿಗಳಿಗೆ 2022ರಲ್ಲಿ ಪದ್ಮಶ್ರೀ ಸಂದಾಗ ಅದು ಯಾವ ವಿದ್ಯೆಗೆ ಸಂದದ್ದು ಎಂದು ನನಗೆ ಸರಿಯಾಗಿ ತಿಳಿದಿರಲಿಲ್ಲ, ಈಗ ತಿಳಿಯಿತು. ಉತ್ತರಕುಮಾರ ಹೆಂಗಸರ ಮುಂದೆ ಪೌರುಷ ಕೊಚ್ಚಿಕೊಳ್ಳುವ ಭಾಗವನ್ನು ಕೇಳುವಾಗ ನಾನು ಇಳಿಯಬೇಕಾದ ಮಂಡ್ಯ ಬಂದು ಹೋಗುವುದರಲ್ಲಿತ್ತು.

ಮೂರು ಕ್ರಮಗಳಲ್ಲಿ ಮೂರನೆಯದೇ ನಿಸ್ಸಂಶಯವಾಗಿ ಮೇಲು. ಕೇಳಿದ ಮೇಲೆ ಪುಸ್ತಕ ತೆರೆದರೆ ಅದೇ ಮುರಿದ ಸಾಲುಗಳು ದನಿಯ ನೆನಪಿನಲ್ಲಿ ತಾವಾಗಿ ಬೆಸೆದುಕೊಳ್ಳುತ್ತವೆ. ಬರೀ ಕೇಳಿದ ಸಂಧಿಯಲ್ಲಿ ಕಥೆ ಉಳಿಯಿತು, ಪದ್ಯ ಉಳಿಯಲಿಲ್ಲ; ಬರೀ ಓದಿದ ಸಂಧಿಯಲ್ಲಿ ಎರಡೂ ಉಳಿಯಲಿಲ್ಲ.

ಖರ್ಚಿನ ಮಾತನ್ನೂ ಹೇಳಿಬಿಡುತ್ತೇನೆ. ಕೊಂಡ ಪುಸ್ತಕಗಳಿಗೆ ಸುಮಾರು 7,000 ರೂಪಾಯಿ ಹೋಯಿತು, ಅದರಲ್ಲಿ ಹೆಚ್ಚಿನದು ರಾಜ್ಯೋತ್ಸವದ ರಿಯಾಯಿತಿಯ ನವೆಂಬರ್‌ನಲ್ಲಿಯೇ. ಫೋನಿನ ಪುಸ್ತಕಗಳಿಗೂ ಕೇಳುವ ಪುಸ್ತಕಗಳಿಗೂ ಸೇರಿ ಅದರ ಕಾಲು ಭಾಗವೂ ಆಗಲಿಲ್ಲ. ಬಿಟ್ಟ ಪುಸ್ತಕಗಳನ್ನು ಲೆಕ್ಕಕ್ಕೆ ಹಿಡಿದರೆ ಈ ಅಗ್ಗ ಅಷ್ಟು ಅಗ್ಗವಲ್ಲ.

ಪಟ್ಟಿಯಲ್ಲಿ ಯಾವ ಅಂಕಣಕ್ಕೂ ಹೊಂದದೆ ಉಳಿದ ಪುಸ್ತಕ ಒಂದಿದೆ: ದೇವನೂರ ಮಹಾದೇವ ಅವರ ‘ಕುಸುಮಬಾಲೆ’. ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ಈ ಚಿಕ್ಕ ಕಾದಂಬರಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಅದರ ಪ್ರತಿ ನನ್ನಲ್ಲಿ ವರ್ಷಗಳಿಂದ ಇತ್ತು. ರೈಲಿನಲ್ಲಿ ಮನಸ್ಸಿನೊಳಗೇ ಓದಿಕೊಂಡಾಗ ಪ್ರತಿ ಸಾಲಿನಲ್ಲಿಯೂ ಒಂದು ಪದಕ್ಕೆ ತಡೆದು ನಿಲ್ಲುತ್ತಿದ್ದೆ. ಇಲ್ಲಿನವನೇ ಆಗಿ ಇದು ಅರ್ಥವಾಗುತ್ತಿಲ್ಲವಲ್ಲ ಎಂಬ ಸಂಕೋಚದಿಂದ ಮುಚ್ಚಿಟ್ಟಿದ್ದೂ ಉಂಟು. ಅಕ್ಟೋಬರಿನಲ್ಲಿ ಅಮ್ಮನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ಅವರಿಗೆ ಕೆಲವು ದಿನ ಓದಬಾರದೆಂದು ಹೇಳಿದ್ದರು. ಅವರ ತವರು ನಂಜನಗೂಡಿನ ಕಡೆಯದು. ಸಂಜೆ ದೀಪ ಹಚ್ಚಿದ ಮೇಲೆ, ದೀಪಗಳೆಲ್ಲ ಒಂದೆಡೆ ಕೂಡಿ ತಂತಮ್ಮ ಮನೆಯ ಸುದ್ದಿ ಮಾತಾಡಿಕೊಳ್ಳುವ ಆ ಭಾಗವನ್ನು ಗಟ್ಟಿಯಾಗಿ ಓದತೊಡಗಿದೆ. ನಾನು ತಡವರಿಸಿದ ಪದಗಳು ಬಾಯಿಯಿಂದ ಹೊರಬಿದ್ದ ಕೂಡಲೇ ಅಜ್ಜಿಯ ಮನೆಯ ಜಗಲಿಯಲ್ಲಿ ಕೇಳಿದ ಪದಗಳೇ ಆಗಿದ್ದವು. ಅವು ಅಕ್ಷರದ ವೇಷದಲ್ಲಿದ್ದುದರಿಂದ ನನಗೆ ಗುರುತು ಸಿಕ್ಕಿರಲಿಲ್ಲ.

ನಾಲ್ಕನೆಯ ಪುಟಕ್ಕೆ ಅಮ್ಮ ತಡೆದರು. “ಅಂಗಲ್ಲ ಕಣಪ್ಪ, ನೀನು ಸುದ್ದಿ ಓದ್ದಂಗೆ ಓದ್ತಿದ್ದೀಯ. ಇನ್ನೊಂದ್ಸಲ ಓದು” ಎಂದು ಆ ವಾಕ್ಯದ ರಾಗವನ್ನು ತಾವೇ ಎಳೆದು ತೋರಿಸಿದರು. ಹೀಗೆ ಅವರು ತಡೆದ ಕಡೆಗಳಲ್ಲೆಲ್ಲ ನನ್ನ ಪ್ರತಿಯ ಅಂಚಿನಲ್ಲಿ ಈಗ ಪೆನ್ಸಿಲಿನ ಗೀಟುಗಳಿವೆ. ಆರು ಸಂಜೆಗಳಲ್ಲಿ ಪುಸ್ತಕ ಮುಗಿಯಿತು. ಏಳನೆಯ ಸಂಜೆ, ನಡುವೆ ಒಂದು ದಿನ ತಮಗೆ ಮಂಪರು ಹತ್ತಿತ್ತೆಂದು ಹೇಳಿ, ಮೊದಲಿನಿಂದ ಶುರು ಮಾಡಿಸಿದರು.