ಹಿತ್ತಿಲಿನ ಮೊಟ್ಟೆ ಯಾರದು? ಐನ್ಯಾಚುರಲಿಸ್ಟ್ ಬಳಸಿ ನೋಡಿದ ಒಂದು ಮಳೆಗಾಲ

ಬೆಂಗಳೂರಿನ ದಕ್ಷಿಣದ ಹೊರವಲಯದಲ್ಲಿರುವ ನಮ್ಮ ಮನೆಯ ಹಿತ್ತಿಲಿನಲ್ಲಿ ಕಳೆದ ಮುಂಗಾರಿನಲ್ಲಿ ಮೂರು ಸಲ, ಮೂರು ಬೇರೆ ಜಾಗಗಳಲ್ಲಿ, ಯಾವುದೆಂದು ತಿಳಿಯದ ಮೊಟ್ಟೆಗಳು ಕಣ್ಣಿಗೆ ಬಿದ್ದವು. ಮೂರನ್ನೂ ಗುರುತಿಸಲು ನಾನು ಮೊರೆಹೋದದ್ದು ಐನ್ಯಾಚುರಲಿಸ್ಟ್ ಎಂಬ ಉಚಿತ ಸೇವೆಗೆ. 2008ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಸ್ನಾತಕೋತ್ತರ ಯೋಜನೆಯಾಗಿ ಹುಟ್ಟಿ, 2023ರಿಂದ ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆಯಾಗಿ ನಡೆಯುತ್ತಿರುವ ಈ ಸೇವೆಯನ್ನು ಹಕ್ಕಿ, ಹೂವು, ಚಿಟ್ಟೆಗಳನ್ನು ಗುರುತಿಸಲು ಬಳಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮೊಟ್ಟೆಯಂಥ ಕಷ್ಟದ ಪ್ರಶ್ನೆಗೆ ಅದು ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬುದನ್ನು ಮಾತ್ರ ಇಲ್ಲಿ ಬರೆಯುತ್ತೇನೆ.

ಮೊದಲನೆಯದು ಜೂನ್ ತಿಂಗಳಿನಲ್ಲಿ ಸಿಕ್ಕಿತು. ದಾಸವಾಳದ ಬುಡಕ್ಕೆ ಗೊಬ್ಬರ ಕೊಡಲೆಂದು ಮಣ್ಣು ಕೆದಕಿದಾಗ, ಬೆರಳುದ್ದದ ಆಳದಲ್ಲಿ ಹದಿಮೂರು ಬಿಳಿಯ ಮೊಟ್ಟೆಗಳು ಒತ್ತಾಗಿ ಕುಳಿತಿದ್ದವು. ಪ್ರತಿಯೊಂದೂ ಸುಮಾರು ಒಂದೂಕಾಲು ಸೆಂಟಿಮೀಟರ್ ಉದ್ದವಿತ್ತು. ಚಿಪ್ಪು ಗಟ್ಟಿಯಾಗಿರದೆ ತೆಳುವಾದ ತೊಗಲಿನಂತೆ ಕಾಣುತ್ತಿತ್ತು. ಪಕ್ಕದ ಮನೆಯ ಅಜ್ಜಿ, "ನಾಗಪ್ಪನ ಮೊಟ್ಟೆ ಇರಬೋದು ಕಣಮ್ಮಾ, ಮುಟ್ಟಬೇಡ" ಎಂದರು. ತೋಟದ ಕೆಲಸಕ್ಕೆ ಬಂದಿದ್ದವರು ಸೀಮೆಎಣ್ಣೆ ಸುರಿದುಬಿಡೋಣ ಎಂದರು. ಫೋನಿನಲ್ಲಿದ್ದ ಬೇರೊಂದು ಚಿತ್ರಶೋಧ ಸೌಲಭ್ಯಕ್ಕೆ ಫೋಟೋ ತೋರಿಸಿದರೆ, ಅದು ಒಂದೇ ಕ್ಷಣದಲ್ಲಿ ನಾಗರಹಾವಿನ ಮೊಟ್ಟೆ ಎಂದು ತೀರ್ಪು ಕೊಟ್ಟಿತು. ಆ ತೀರ್ಪನ್ನು ನಂಬಿ ನಡೆದಿದ್ದರೆ ಹದಿಮೂರು ಜೀವಗಳು ಅಂದೇ ಮುಗಿಯುತ್ತಿದ್ದವು.

ಅದೇ ಫೋಟೋವನ್ನು ಐನ್ಯಾಚುರಲಿಸ್ಟ್‌ಗೆ ಹಾಕಿದಾಗ ಅದರ ಯಂತ್ರವು ಯಾವ ಪ್ರಾಣಿಯ ಹೆಸರನ್ನೂ ಖಚಿತವಾಗಿ ಹೇಳಲಿಲ್ಲ. ಹಲ್ಲಿ, ಓತಿಕ್ಯಾತ, ಹಾವುಗಳೆಲ್ಲ ಸೇರುವ ದೊಡ್ಡ ಗಣದ ಹೆಸರನ್ನು ಸೂಚಿಸಿ ನಿಂತಿತು. ನನಗೆ ಈ ಸೇವೆಯ ಮೇಲೆ ವಿಶ್ವಾಸ ಹುಟ್ಟಿದ್ದೇ ಆ ಸಂಯಮದಿಂದ. ಬಿಳಿಯ, ಉದ್ದುರುಟಾದ ಮೊಟ್ಟೆಯೊಂದರ ಮೇಲ್ಮೈಯಲ್ಲಿ ಜಾತಿಯನ್ನು ಹೇಳುವ ಗುರುತುಗಳು ಬಹಳ ಕಡಿಮೆ. ಅಳತೆ, ಸಂಖ್ಯೆ, ಚಿಪ್ಪಿನ ಗುಣ, ಒಂದಕ್ಕೊಂದು ಅಂಟಿಕೊಂಡಿವೆಯೇ ಬಿಡಿಯಾಗಿವೆಯೇ ಎಂಬುದು, ಇಟ್ಟ ಜಾಗ, ಇವೆಲ್ಲ ಕೂಡಿದರೆ ಮಾತ್ರ ಉತ್ತರಕ್ಕೆ ಹತ್ತಿರವಾಗಬಹುದು. ಎರಡು ದಿನಗಳ ನಂತರ ಸರೀಸೃಪಗಳನ್ನು ಬಲ್ಲ ಸ್ವಯಂಸೇವಕರೊಬ್ಬರು ಇದನ್ನೇ ಒಂದೊಂದಾಗಿ ಕೇಳಿದರು. ಕೊನೆಗೆ, ತಾಯಿಯನ್ನು ಕಂಡಿರಾ ಎಂದೂ ಕೇಳಿದರು. ಐದು ದಿನಗಳ ಹಿಂದೆ ಬೇಲಿಯ ಪಕ್ಕದ ಅದೇ ಜಾಗದಲ್ಲಿ ಹೊಟ್ಟೆ ಉಬ್ಬಿದ ಓತಿಕ್ಯಾತವೊಂದು ಮುಂಗಾಲುಗಳಿಂದ ಮಣ್ಣು ತೋಡುತ್ತಿದ್ದುದನ್ನು ಮಗಳು ಫೋಟೋ ತೆಗೆದಿದ್ದಳು. ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂಬ ಗಾದೆಯನ್ನು ಸುಳ್ಳು ಸಾಕ್ಷಿಯ ವಿಷಯಕ್ಕೆ ಹೇಳುತ್ತಾರೆ. ನಮ್ಮಲ್ಲಿ ಆ ಬೇಲಿ ನಿಜವಾಗಿಯೂ ಸಾಕ್ಷಿಯಾಗಿ ಒದಗಿತು. ಫೋಟೋದ ಹಿನ್ನೆಲೆಯಲ್ಲಿದ್ದ ಬೇಲಿಯ ಗೂಟದಿಂದಲೇ ಜಾಗ ಒಂದೇ ಎಂಬುದು ಸ್ಪಷ್ಟವಾಯಿತು, ಮತ್ತೊಬ್ಬರೂ ಒಪ್ಪಿದರು. ಗುರುತಿಸಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮಂದಿ ಒಂದೇ ಜಾತಿಯನ್ನು ಒಪ್ಪಿದಾಗ ಮಾತ್ರ ದಾಖಲೆಯು ಸಂಶೋಧನೆಗೆ ಅರ್ಹವೆಂಬ ದರ್ಜೆಗೆ ಏರುತ್ತದೆ. ಈ ವ್ಯವಸ್ಥೆ ನನಗೆ ಬಹಳ ಹಿಡಿಸಿತು.

ಫೋಟೋ ತೆಗೆಯುವ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಒಳ್ಳೆಯ ಚಿತ್ರ ಬೇಕೆಂದು ಮೊಟ್ಟೆಗಳನ್ನು ಎತ್ತಿ ಅಂಗೈಯಲ್ಲಿ ಇಟ್ಟುಕೊಳ್ಳಬಾರದು. ಸರೀಸೃಪಗಳ ಮೊಟ್ಟೆಯಲ್ಲಿ ಭ್ರೂಣವು ಕೆಲವೇ ದಿನಗಳಲ್ಲಿ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುವುದರಿಂದ, ಆಮೇಲೆ ಮೊಟ್ಟೆಯನ್ನು ಮಗುಚಿದರೆ ಮರಿ ಒಳಗೇ ಸಾಯಬಹುದು. ಇದ್ದಲ್ಲೇ, ಪಕ್ಕದಲ್ಲಿ ಒಂದು ನಾಣ್ಯವನ್ನೋ ಅಳತೆಪಟ್ಟಿಯನ್ನೋ ಇಟ್ಟು, ಮೇಲಿನಿಂದ ಒಂದು ಮತ್ತು ಬದಿಯಿಂದ ಒಂದು ಚಿತ್ರ ತೆಗೆದು ಮಣ್ಣು ಮುಚ್ಚಿದರೆ ಸಾಕು.

ಈ ಸೇವೆಯನ್ನು ತುರ್ತಿಗೆ ನೆಚ್ಚಿಕೊಳ್ಳಲಾಗದು ಎಂಬುದೇ ಇದರ ದೊಡ್ಡ ಮಿತಿ. ಉತ್ತರಿಸುವವರೆಲ್ಲ ಸ್ವಂತ ಆಸಕ್ತಿಯಿಂದ ಬರುವವರು. ಇಂತಿಷ್ಟು ಹೊತ್ತಿನಲ್ಲಿ ಉತ್ತರ ಬರುತ್ತದೆಂಬ ಭರವಸೆ ಇಲ್ಲಿಲ್ಲ. ನಾಗರಹಾವಿನ ಅಥವಾ ಕೇರೆಹಾವಿನ ಮೊಟ್ಟೆಗಳು ಓತಿಕ್ಯಾತದ ಮೊಟ್ಟೆಗಿಂತ ಬಹಳ ದೊಡ್ಡವು, ಸುಮಾರು ಐದು ಸೆಂಟಿಮೀಟರಿನಷ್ಟು ಉದ್ದ, ಹೆಚ್ಚಾಗಿ ಒಂದಕ್ಕೊಂದು ಅಂಟಿದ ಗೊಂಚಲಾಗಿ ಇರುತ್ತವೆ. ಹೆಣ್ಣು ನಾಗರಹಾವು ಮೊಟ್ಟೆಯ ಬಳಿಯೇ ಕಾವಲಿರುವುದೂ ಉಂಟು. ಅಂಥವು ಕಂಡರೆ ಫೋಟೋದ ಆಸೆ ಬಿಟ್ಟು ದೂರ ಸರಿದು, ಅರಣ್ಯ ಇಲಾಖೆಗೋ ಅನುಭವಿ ಹಾವು ರಕ್ಷಕರಿಗೋ ಕರೆ ಮಾಡಬೇಕು. ಮೊಟ್ಟೆಗಳನ್ನು ನಾಶಮಾಡುವ ಯೋಚನೆಯಂತೂ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಸರೀಸೃಪದ ಮೊಟ್ಟೆಗೆ ಹಾನಿ ಮಾಡುವುದೂ ಬೇಟೆಯ ಅರ್ಥದೊಳಗೆ ಬರುತ್ತದೆ. ಕೊಳಕುಮಂಡಲದ ಮೊಟ್ಟೆ ಕಂಡೆವೆಂದು ಹೇಳುವವರನ್ನು ಬಹಳ ಕೇಳಿದ್ದೇನೆ. ಆ ಹಾವು ಮೊಟ್ಟೆ ಇಡುವುದೇ ಇಲ್ಲ, ಮರಿ ಹಾಕುತ್ತದೆ.

ಎರಡನೆಯ ಪ್ರಶ್ನೆ ಒಂದೇ ದಿನದಲ್ಲಿ ಬಗೆಹರಿಯಿತು. ಪಪ್ಪಾಯಿಯ ಬುಡದ ಒದ್ದೆ ಎಲೆಗಳಡಿ ಸಾಬೂದಾನಿಗಿಂತ ತುಸು ದೊಡ್ಡದಾದ, ಕೆನೆಬಣ್ಣದ ನೂರಾರು ಗುಂಡುಗಳಿದ್ದವು: ದೈತ್ಯ ಆಫ್ರಿಕನ್ ಬಸವನಹುಳುವಿನ ಮೊಟ್ಟೆಗಳು. 1847ರಲ್ಲಿ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದು ಬಿಟ್ಟ ಈ ಪ್ರಾಣಿ ಇಂದು ಕೊಡಗಿನ ಕಾಫಿ ತೋಟಗಳವರೆಗೂ ಕಾಟ ಕೊಡುತ್ತಿದೆ. ಇದರ ಮೈಯಲ್ಲಿ ಮನುಷ್ಯರ ಮಿದುಳಿಗೆ ತೊಂದರೆ ಮಾಡಬಲ್ಲ ಪರೋಪಜೀವಿ ಹುಳು ಇರಬಹುದಾದ್ದರಿಂದ, ಕೈಗವಸು ಹಾಕಿಕೊಂಡು ಅಷ್ಟನ್ನೂ ಬಾಚಿ ಉಪ್ಪುನೀರಿಗೆ ಹಾಕಿದೆವು. ಒಂದೇ ಹಿತ್ತಿಲಿನಲ್ಲಿ ಒಂದು ಮೊಟ್ಟೆಯನ್ನು ಕಾಪಾಡಬೇಕು, ಇನ್ನೊಂದನ್ನು ತೆಗೆಯಬೇಕು. ಹೆಸರು ಸರಿಯಾಗಿ ತಿಳಿಯುವುದಕ್ಕೆ ಇಷ್ಟು ತೂಕವಿದೆ ಎಂದು ನನಗೆ ಮನದಟ್ಟಾದದ್ದು ಆವತ್ತು.

ಮೂರನೆಯದು ಮೊಟ್ಟೆಯೇ ಆಗಿರಲಿಲ್ಲ. ಬಿದಿರಿನ ಮೆಳೆಯ ಕೆಳಗೆ ಕೋಳಿಮೊಟ್ಟೆಯ ಗಾತ್ರದ, ಒತ್ತಿದರೆ ಮೆತ್ತಗಾಗುವ ಎರಡು ಬಿಳಿ ಉಂಡೆಗಳಿದ್ದವು. ಬುಡವನ್ನು ನೋಡಿ, ಬೇರಿನಂಥ ಎಳೆ ಇದೆಯೇ ಎಂದು ಒಬ್ಬರು ಬರೆದರು, ಇತ್ತು. ಅದು ಫ್ಯಾಲಸ್ ಕುಲದ ಅಣಬೆಯ ಎಳೆಯ ರೂಪ. ಮರುದಿನ ಬೆಳಗಿನ ಹೊತ್ತಿಗೆ ಒಂದು ಉಂಡೆ ಒಡೆದು, ಬಲೆಯ ಸೆರಗು ಹೊದ್ದ ಅಣಬೆ ಎದ್ದು ನಿಂತಿತ್ತು. ಅದರ ಕೊಳೆತ ವಾಸನೆಗೆ ನೊಣಗಳು ಮುತ್ತಿದ್ದವು.

ಹಣ ಕೊಡಬೇಕಾಗಿಲ್ಲ, ಜಾಹೀರಾತುಗಳಿಲ್ಲ. ಮನೆಯ ಜಾಗ ಎಲ್ಲರಿಗೂ ಕಾಣುತ್ತದೆಂಬ ಅಳುಕಿದ್ದವರು ದಾಖಲೆ ಹಾಕುವಾಗಲೇ ಸ್ಥಳವನ್ನು ಮಸುಕಾಗಿಸುವ ಆಯ್ಕೆಯನ್ನು ಒತ್ತಿದರೆ ನಿಖರವಾದ ಜಾಗ ಇತರರಿಗೆ ಕಾಣುವುದಿಲ್ಲ. ನಾನು ಮೂರಕ್ಕೂ ಹಾಗೆಯೇ ಮಾಡಿದೆ. ಜೀವದ ಹಂತ ಯಾವುದೆಂದು ಕೇಳುವಲ್ಲಿ ಮೊಟ್ಟೆ ಎಂದು ಗುರುತು ಹಾಕುವುದನ್ನು ಮರೆಯಬೇಡಿ. ಮುಂದೆ ಇನ್ಯಾರಿಗೋ ಇಂಥದ್ದೇ ಮೊಟ್ಟೆ ಸಿಕ್ಕಾಗ ಹೋಲಿಸಿ ನೋಡಲು ನಿಮ್ಮ ಚಿತ್ರ ಅವರಿಗೆ ಸುಲಭವಾಗಿ ಸಿಗುತ್ತದೆ.

ದಾಸವಾಳದ ಬುಡದ ಮೊಟ್ಟೆಗಳು ಒಡೆದದ್ದು ನಾವು ಕಂಡ ನಲವತ್ತೊಂದನೆಯ ದಿನ. ಮಣ್ಣಿನ ಮೇಲೆ ಸಣ್ಣ ತೂತು ಕಂಡಿತು. ಗಿಡದ ಕೆಳಗಿನ ಕೊಂಬೆಗಳಲ್ಲಿ ಬೆರಳ ತುದಿಯಷ್ಟು ಮೈಯ, ಉದ್ದ ಬಾಲದ ಒಂಬತ್ತು ಮರಿಗಳನ್ನು ಮಗಳು ಎಣಿಸಿದಳು. ಅಜ್ಜಿಯನ್ನೂ ಕರೆದು ತೋರಿಸಿ, ಆ ಚಿತ್ರವನ್ನು ಅದೇ ದಾಖಲೆಯ ಟಿಪ್ಪಣಿಗೆ ಸೇರಿಸಿದೆವು.