ಮಲೆನಾಡಿಗೆ ಸಿಎನ್‌ಜಿಯೋ, ಎಲೆಕ್ಟ್ರಿಕ್ಕೋ, ಪೆಟ್ರೋಲೋ?

ಮೂಡಿಗೆರೆಯ ತೋಟದಿಂದ ದಿನಾ ಹಾಸನ ಅಥವಾ ಚಿಕ್ಕಮಗಳೂರಿಗೆ ಹೋಗಿಬರಲು ಯಾವ ಕಾರು ಎಂದು ಕೇಳಿದ್ದೀರಿ.

ಖರ್ಚು ಮೊದಲು. ಮನೆಯಲ್ಲೇ ಚಾರ್ಜ್ ಮಾಡಿದರೆ ಕಿಲೋಮೀಟರಿಗೆ ಎಲೆಕ್ಟ್ರಿಕ್ಕೇ ಅಗ್ಗ, ಆಮೇಲೆ ಸಿಎನ್‌ಜಿ. ಕೊಳ್ಳುವ ಬೆಲೆಯಲ್ಲಿ ಪೆಟ್ರೋಲ್ ಕಾರೇ ಹಗುರ.

ಎಲೆಕ್ಟ್ರಿಕ್ಕಿಗೆ ಮನೆಯ ವೈರಿಂಗೇ ಮುಖ್ಯ. 30 ಯೂನಿಟ್ ಬ್ಯಾಟರಿಗೆ 3.3 ಕಿಲೋವ್ಯಾಟ್ ಚಾರ್ಜರಿನಲ್ಲಿ ಹತ್ತು ಗಂಟೆ ಹಿಡಿಯುತ್ತದೆ. ಅರ್ತಿಂಗ್ ಸರಿಯಿಲ್ಲದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. 16 ಆಂಪಿಯರ್ ಸಾಕೆಟ್ಟಿಗೆ ಪ್ರತ್ಯೇಕ ಲೈನ್ ಎಳೆಸಿ. ಚಾರ್ಮಾಡಿ ಘಾಟಿ ಇಳಿಯುವ ದಿನ ಬ್ಯಾಟರಿಯನ್ನು ಶೇಕಡಾ 100ಕ್ಕೆ ತುಂಬಿಸಬೇಡಿ, 85ಕ್ಕೆ ನಿಲ್ಲಿಸಿ. ಇಳಿಜಾರಿನಲ್ಲಿ ಮೋಟಾರೇ ಕಾರನ್ನು ತಡೆದು ಆ ಶಕ್ತಿಯನ್ನು ಬ್ಯಾಟರಿಗೆ ತುಂಬುತ್ತದೆ; ತುಂಬಿದ ಬ್ಯಾಟರಿ ಅದನ್ನು ಹೀರದು, ಭಾರವೆಲ್ಲ ಬ್ರೇಕ್ ಪ್ಯಾಡಿನ ಮೇಲೆ. ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಹೋಗುವ ಮನೆಯಾದರೆ ಇದೊಂದನ್ನೇ ನೆಚ್ಚಬೇಡಿ.

ಸಿಎನ್‌ಜಿಯ 60 ಲೀಟರ್ ಸಿಲಿಂಡರಿನಲ್ಲಿ ಸುಮಾರು 8–9 ಕೆಜಿ ಅನಿಲ ಹಿಡಿಯುತ್ತದೆ, ಡಿಕ್ಕಿಯ ಜಾಗ ಬಹುಪಾಲು ಹೋಯಿತು. ಕಾಫಿ ಮೂಟೆ ಹಾಕುವವರಿಗೆ ಇದು ನಿಜವಾದ ನಷ್ಟ. ಏರಿನಲ್ಲಿ ಎಳೆತ ಕಡಿಮೆ, ಗೇರ್ ಇಳಿಸಬೇಕು. ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಕಡ್ಡಾಯ. ಬಂಕ್ ನಿಮ್ಮ ದಾರಿಯಲ್ಲೇ ಇದ್ದರೆ ಮಾತ್ರ ಕೊಳ್ಳಿ.

ದಿನಾ ಅರವತ್ತು ಎಪ್ಪತ್ತು ಕಿಲೋಮೀಟರ್ ಓಡಾಟ, ಒಳ್ಳೆಯ ಕರೆಂಟ್ ಇದ್ದರೆ ಎಲೆಕ್ಟ್ರಿಕ್. ಹಾಸನ–ಬೆಂಗಳೂರು ಹೆದ್ದಾರಿಯೇ ಹೆಚ್ಚಾದರೆ ಸಿಎನ್‌ಜಿ. ವಾರಕ್ಕೊಮ್ಮೆ ಹೊರಡುವ, ಮೂಟೆ ಹೇರುವ ಒಂದೇ ಕಾರಿನ ಮನೆಗೆ ಪೆಟ್ರೋಲ್.